ಕೊಡುವ ಕೈ, ಕೊಡುವ ಮುಖ: ಯೆಹೂದಿಗಳ ತ್ಸೆದಾಕಾ ರೂಢಿ ಮಾಡಿಕೊಳ್ಳುವ ಬಗೆ

ಬಡವರಿಗೆ ಕೊಡುವುದಕ್ಕೆ ಹೀಬ್ರೂ ಭಾಷೆಯಲ್ಲಿ ‘ತ್ಸೆದಾಕಾ’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ದಾನ ಎಂದೇ ಕೇಳಿಸುತ್ತದೆ. ಆದರೆ ಆ ಪದದ ಬೇರು ‘ತ್ಸೆದೆಕ್’, ಅಂದರೆ ನ್ಯಾಯ. ಕೊಟ್ಟವನು ಉಪಕಾರ ಮಾಡಿದ ಎಂಬ ಅರ್ಥ ಅದರೊಳಗಿಲ್ಲ. ಸಲ್ಲಬೇಕಾದದ್ದು ಸಂದಿತು, ಅಷ್ಟೇ. ರಾಶಿ ಮುಗಿದ ದಿನ ಕಣದಲ್ಲೇ ಆಯಗಾರರ ಪಾಲು ಅಳೆದು ಕೊಡುತ್ತಿದ್ದ ನಮ್ಮ ಕಡೆಯವರಿಗೆ ಇದು ಅಷ್ಟೇನೂ ದೂರದ ಮಾತಲ್ಲ. ವ್ಯತ್ಯಾಸ ಒಂದಿದೆ: ಆಯ ಎಂಬುದು ಮಾಡಿದ ಕೆಲಸಕ್ಕೆ ಬರುವ ಪಾಲು, ತ್ಸೆದಾಕಾ ಕೊರತೆಗೆ ಬರುವ ಪಾಲು.

ನ್ಯಾಯವೆಂದ ಮೇಲೆ ಮನಸ್ಸಿನ ಮಾತೇಕೆ ಬರುತ್ತದೆ? ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಎರಡೂ ಇವೆ. ಮರುಭೂಮಿಯಲ್ಲಿ ಆರಾಧನೆಯ ಗುಡಾರ ಕಟ್ಟುವಾಗ, ಯಾರ ಹೃದಯ ಪ್ರೇರಿಸುತ್ತದೋ ಅವರಿಂದ ಮಾತ್ರ ಕಾಣಿಕೆ ತೆಗೆದುಕೊಳ್ಳಬೇಕೆಂದು ವಿಮೋಚನಕಾಂಡದ 25ನೇ ಅಧ್ಯಾಯ ಹೇಳುತ್ತದೆ. ಜನ ಎಷ್ಟು ತಂದರೆಂದರೆ, ಇನ್ನು ಸಾಕು ಎಂದು ಮೋಶೆ ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತು. ಬಡವನ ವಿಷಯಕ್ಕೆ ಬಂದಾಗ ಮಾತಿನ ಧಾಟಿ ಬೇರೆ. ಹೃದಯ ಗಟ್ಟಿ ಮಾಡಿಕೊಳ್ಳಬೇಡ, ಮುಷ್ಟಿ ಬಿಗಿಯಬೇಡ, ಕೊಡುವಾಗ ಮನಸ್ಸಿನಲ್ಲಿ ನೋಯಬೇಡ ಎಂದು ಧರ್ಮೋಪದೇಶಕಾಂಡದ 15ನೇ ಅಧ್ಯಾಯ ಕಟ್ಟಪ್ಪಣೆ ಮಾಡುತ್ತದೆ. ಮನಸ್ಸಿಗೆ ಅಪ್ಪಣೆ ಮಾಡಲು ಬರುತ್ತದೆಯೇ? ಯೆಹೂದಿ ಗುರುಗಳು ಹಿಡಿದ ದಾರಿ ಇದು: ಮನಸ್ಸು ಬರಲಿ ಎಂದು ಕಾಯುತ್ತ ಕೂರಬೇಡ. ಕೈಗೆ ರೂಢಿ ಹಚ್ಚು, ಮುಖಕ್ಕೆ ರೂಢಿ ಹಚ್ಚು, ಮನಸ್ಸು ಹಿಂದಿನಿಂದ ಬರುತ್ತದೆ.

ಈ ರೂಢಿಯ ನಿಯಮಗಳನ್ನು ಒಂದೆಡೆ ಕ್ರಮವಾಗಿ ಜೋಡಿಸಿದವರು ಮೋಶೆ ಬೆನ್ ಮೈಮೊನ್. ಯೆಹೂದಿಗಳು ಅವರನ್ನು ರಂಬಮ್ ಎನ್ನುತ್ತಾರೆ. ಸ್ಪೇನಿನ ಕೊರ್ಡೋವಾದಲ್ಲಿ ಹುಟ್ಟಿ, ಈಜಿಪ್ಟಿನಲ್ಲಿ ವೈದ್ಯರಾಗಿ ದುಡಿದು, 1204ರಲ್ಲಿ ತೀರಿಕೊಂಡರು. ಅವರ ಬದುಕಿನ ಬಹುಪಾಲು ಕಳೆದದ್ದು ಹನ್ನೆರಡನೇ ಶತಮಾನದಲ್ಲಿ; ಬಸವನಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರದೂ ಅದೇ ಶತಮಾನ. ದಾಸೋಹ ಮತ್ತು ತ್ಸೆದಾಕಾ ಒಂದೇ ಎಂದು ನಾವು ಹೇಳುವುದಿಲ್ಲ. ಎರಡರ ಬೇರು ಬೇರೆ. ಆದರೆ ದುಡಿದದ್ದರಲ್ಲಿ ಇನ್ನೊಬ್ಬರ ಪಾಲಿದೆ ಎಂಬುದನ್ನು ಕೂಡಲಸಂಗಮದ ಸೀಮೆಯವರಿಗೆ ಮೊದಲಿನಿಂದ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಲೆಕ್ಕ

ದೊಡ್ಡ ಮನಸ್ಸಿನವರು ಲೆಕ್ಕ ಇಡುವುದಿಲ್ಲ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಲೆಕ್ಕವಿಲ್ಲದಿದ್ದರೆ ಯಾರಾದರೂ ಕೈಚಾಚಿದಾಗೊಮ್ಮೆ ಒಳಗೆ ಹೊಸ ಚೌಕಾಶಿ ಶುರುವಾಗುತ್ತದೆ: ಕೊಡಲೋ ಬೇಡವೋ, ಹತ್ತೋ ಐವತ್ತೋ. ಮುಖ ಗಂಟಾಗುವುದು ಆ ಗಳಿಗೆಯಲ್ಲಿ. ಮೊದಲೇ ತೆಗೆದಿಟ್ಟ ದುಡ್ಡಿಗೆ ಈ ತೊಂದರೆಯಿಲ್ಲ. ಅದು ಆಗಲೇ ನನ್ನದಲ್ಲ. ನನ್ನದಲ್ಲದ್ದನ್ನು ಸೇರಬೇಕಾದಲ್ಲಿಗೆ ಮುಟ್ಟಿಸಲು ಹೊಟ್ಟೆ ಉರಿಯುವುದಿಲ್ಲ.

ಆದಾಯದ ಹತ್ತನೆಯ ಒಂದು ಪಾಲು ನಡುಮಟ್ಟದ ಅಳತೆ, ಐದನೆಯ ಒಂದು ಪಾಲು ಉತ್ತಮ. ಹತ್ತನೆಯ ಪಾಲಿಗಿಂತ ಕಡಿಮೆ ಕೊಡುವುದನ್ನು ರಂಬಮ್ ಕೆಟ್ಟ ಕಣ್ಣು ಎನ್ನುತ್ತಾರೆ, ಅಂದರೆ ಜಿಪುಣತನ. ಮೇಲಿನ ಮಿತಿಯೂ ಇದೆ: ಐದನೆಯ ಪಾಲಿಗಿಂತ ಹೆಚ್ಚು ಕೊಡಬಾರದೆಂದು ಇಸ್ರಾಯೇಲ್ ನಾಡಿನ ಗಲಿಲಾಯ ಸೀಮೆಯ ಉಷಾ ಊರಿನಲ್ಲಿ ಸೇರಿದ ಗುರುಗಳು ಎರಡನೇ ಶತಮಾನದಲ್ಲಿ ಕಟ್ಟಳೆ ಮಾಡಿದರು. ಕೊಟ್ಟವನೇ ನಾಳೆ ಇನ್ನೊಬ್ಬರ ಬಾಗಿಲಿಗೆ ಬರಬಾರದಲ್ಲ. ಕೆಳಗಿನ ಮಿತಿ ವರ್ಷಕ್ಕೆ ಒಂದು ಶೆಕೆಲ್ ನಾಣ್ಯದ ಮೂರನೆಯ ಒಂದು ಭಾಗ, ಅಂದರೆ ತೀರ ಸಣ್ಣ ಮೊತ್ತ. ಅದನ್ನು ಮಾತ್ರ, ಇನ್ನೊಬ್ಬರು ಕೊಟ್ಟದ್ದರಲ್ಲಿ ಬದುಕುವವನೂ ಕೊಡಬೇಕು. ಕೊಡುವ ಮರ್ಯಾದೆ ಅವನಿಗೂ ಬೇಕು.

ನಮ್ಮ ಕಡೆಯ ಲೆಕ್ಕದಲ್ಲೇ ಇದನ್ನು ಬಿಡಿಸೋಣ. ತಿಕೋಟಾ ಕಡೆಯ ಬೆಳೆಗಾರರೊಬ್ಬರು ವರ್ಷಕ್ಕೆ 6,00,000 ರೂಪಾಯಿಯ ಒಣದ್ರಾಕ್ಷಿ ಮಾರಿದರು ಎಂದಿಟ್ಟುಕೊಳ್ಳಿ. ಗೊಬ್ಬರ, ಔಷಧಿ, ಚಾಟ್ನಿಯ (ಬಳ್ಳಿ ಕತ್ತರಿಸುವ) ಕೂಲಿ, ಒಣಗಿಸುವ ಶೆಡ್ಡು, ಕೋಲ್ಡ್ ಸ್ಟೋರೇಜ್ ಬಾಡಿಗೆ ಸೇರಿ 3,50,000 ಖರ್ಚು. ಉಳಿದ 2,50,000ಕ್ಕೆ ಲೆಕ್ಕ: ಹತ್ತನೆಯ ಪಾಲು 25,000, ಐದನೆಯ ಪಾಲು 50,000. ವ್ಯವಹಾರದ ಖರ್ಚನ್ನು ಕಳೆಯಬಹುದು. ಮನೆಯ ಕಿರಾಣಿ, ಮದುವೆ, ಮೋಟಾರ್‌ಸೈಕಲ್ ಕಂತನ್ನು ಕಳೆಯುವಂತಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ಎಲ್ಲ ಖರ್ಚು ಆದ ಮೇಲೆ ಉಳಿದದ್ದಕ್ಕೆ ಹತ್ತರ ಲೆಕ್ಕ ಹಾಕುತ್ತಾರೆ. ಹಾಗೆ ನೋಡಿದರೆ ಯಾರ ಮನೆಯಲ್ಲೂ ಏನೂ ಉಳಿಯುವುದಿಲ್ಲ. ತಿಂಗಳಿಗೆ 30,000 ಸಂಬಳ ಕೈಗೆ ಬರುವವರಿಗೆ ಲೆಕ್ಕ ಸುಲಭ, 3,000. ಒಕ್ಕಲುತನದವರು ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಿಡಿಯಬೇಕು; ಒಂದು ಬೆಳೆ ಕೈಕೊಟ್ಟದ್ದನ್ನು ಇನ್ನೊಂದು ಬೆಳೆಯ ಲಾಭದಲ್ಲಿ ಸರಿದೂಗಿಸಲು ಆಗುತ್ತದೆ.

ಶುರು ಮಾಡುವ ಮುನ್ನ ಒಂದು ಮಾತು ಗಟ್ಟಿಯಾಗಿ ಹೇಳಿಕೊಳ್ಳುವ ಪದ್ಧತಿಯಿದೆ: ‘ಬ್ಲೀ ನೇದೆರ್’, ಅಂದರೆ ‘ಇದು ಹರಕೆಯಲ್ಲ’. ಕೊಡುತ್ತೇನೆ ಎಂದು ಬಾಯಿಬಿಟ್ಟರೆ ಯೆಹೂದಿ ಧರ್ಮದಲ್ಲಿ ಅದು ಹರಕೆಗೆ ಸಮ, ಮತ್ತು ಬೇಕಾದವನು ಎದುರಿಗೇ ಇದ್ದಾಗ ತಡಮಾಡುವುದೂ ತಪ್ಪು. ಜಾತ್ರೆಯ ಮೈಕಿನಲ್ಲಿ ಹನ್ನೊಂದು ಸಾವಿರ ಎಂದು ಕೂಗಿಸಿ ಆಮೇಲೆ ತುಂಬದೆ ಉಳಿಯುವುದು ಅವರ ಲೆಕ್ಕದಲ್ಲಿ ಏನೂ ಹೇಳದೆ ಇದ್ದದ್ದಕ್ಕಿಂತ ಕೀಳು.

ಡಬ್ಬಿ

ಒಬ್ಬನಿಗೆ ಒಂದೇ ಸಲ ಸಾವಿರ ನಾಣ್ಯ ಕೊಡುವುದಕ್ಕಿಂತ ಒಂದೊಂದು ನಾಣ್ಯವನ್ನು ಸಾವಿರ ಸಲ ಕೊಡುವುದು ಮೇಲು ಎಂದು ರಂಬಮ್ ಹೇಳುತ್ತಾರೆ. ಮೊತ್ತ ಒಂದೇ. ಆದರೆ ಮೊದಲನೆಯವನ ಮನಸ್ಸು ಒಂದು ಸಲ ಎದ್ದು ಮಲಗಿತು, ಎರಡನೆಯವನ ಮುಷ್ಟಿ ಸಾವಿರ ಸಲ ಬಿಚ್ಚಿತು. ಯೆಹೂದಿ ಮನೆಗಳಲ್ಲಿ ಗೋಡೆಗೋ ಕಪಾಟಿಗೋ ಒಂದು ಡಬ್ಬಿ ಇರುವುದು ಇದಕ್ಕಾಗಿಯೇ. ಯುರೋಪಿನ ಯೆಹೂದಿಗಳ ಭಾಷೆಯಾದ ಯಿದ್ದಿಶ್ ಮಾತಾಡುವವರು ಅದನ್ನು ‘ಪುಷ್ಕೆ’ ಎನ್ನುತ್ತಾರೆ. ಶುಕ್ರವಾರ ಸಂಜೆ ಸಬ್ಬತ್ (ವಾರದ ವಿಶ್ರಾಂತಿ ದಿನ) ದೀಪ ಹಚ್ಚುವ ಮುಂಚೆ ಅದರಲ್ಲಿ ನಾಣ್ಯ ಹಾಕುತ್ತಾರೆ; ದೀಪ ಹಚ್ಚಿದ ಮೇಲೆ ಶನಿವಾರ ಕತ್ತಲಾಗುವವರೆಗೆ ದುಡ್ಡು ಮುಟ್ಟುವುದಿಲ್ಲ. ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗುವ ಕೊಂಕಣದಲ್ಲಿ, ಮರಾಠಿ ಮಾತಾಡುತ್ತ ಗಾಣ ನಡೆಸುತ್ತಿದ್ದ ಬೆನೆ ಇಸ್ರಾಯೇಲ್ ಯೆಹೂದಿಗಳಿಗೆ ‘ಶನಿವಾರ ತೇಲಿ’ ಎಂಬ ಹೆಸರು ಬಂದದ್ದೂ ಆ ದಿನ ಗಾಣ ನಿಲ್ಲಿಸುತ್ತಿದ್ದುದರಿಂದ.

ಡಬ್ಬಿ ಬಾಗಿಲ ಬಳಿ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿರಲಿ. ಬಾಯಿ ಸಣ್ಣದಿರಲಿ. ವರ್ಷದ 25,000ವನ್ನು ಐವತ್ತೆರಡು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 480 ರೂಪಾಯಿ. ಅದನ್ನು ದಿನಕ್ಕೆ ಎಂಬತ್ತರಂತೆ ಆರು ದಿನ ಹಾಕಬಹುದು. ತಿಂಗಳ ಕೊನೆಗೆ ಒಟ್ಟಿಗೆ ಐನೂರರ ನೋಟುಗಳನ್ನು ತುರುಕಿದರೆ ಲೆಕ್ಕ ಸರಿಹೋಗುತ್ತದೆ, ರೂಢಿ ಮಾತ್ರ ಹತ್ತುವುದಿಲ್ಲ. ಬಸ್ ಚಿಲ್ಲರೆಗೆ ಡಬ್ಬಿಗೆ ಕೈಹಾಕುವ ಚಾಳಿಯನ್ನು ಮೊದಲ ವಾರವೇ ನಿಲ್ಲಿಸಿ. ತೆಗೆದದ್ದು ಮರಳಿ ಬೀಳುವುದು ಕಡಿಮೆ.

ಮುಖ

ಇಡೀ ವಿಷಯದ ಹುರುಳು ಇಲ್ಲಿದೆ. ಮುಖ ಸಿಂಡರಿಸಿಕೊಂಡು, ದೃಷ್ಟಿ ನೆಲಕ್ಕೆ ಹಾಕಿ ಕೊಟ್ಟವನು ಸಾವಿರ ಬಂಗಾರದ ನಾಣ್ಯ ಕೊಟ್ಟರೂ ಅದರ ಪುಣ್ಯ ಕಳೆದುಕೊಂಡ ಎಂದು ರಂಬಮ್ ಖಂಡಿತವಾಗಿ ಬರೆದಿದ್ದಾರೆ. ಕೊಡುವಾಗ ಮುಖ ಅರಳಿರಬೇಕು, ಎದುರಿನವನ ಕಷ್ಟಕ್ಕೆ ಜೊತೆಯಲ್ಲಿ ಮರುಗಬೇಕು, ಸಮಾಧಾನದ ಒಂದು ಮಾತಾಡಬೇಕು. ಒಂದು ನಾಣ್ಯ ಕೊಟ್ಟವನಿಗೆ ಆರು ಆಶೀರ್ವಾದ, ಮಾತಿನಿಂದ ಸಂತೈಸಿದವನಿಗೆ ಹನ್ನೊಂದು ಎಂದು ಹಿಂದಿನ ಯೆಹೂದಿ ಗುರುಗಳ ಚರ್ಚೆಗಳ ಗ್ರಂಥವಾದ ತಾಲ್ಮುಡ್ ಎಣಿಸುತ್ತದೆ.

ಕೈಯಲ್ಲಿ ಮಾಡಬೇಕಾದದ್ದು ಇಷ್ಟು. ಗಾಡಿ ಮೇಲೆ ಕೂತೇ ಕೊಡಬೇಡಿ, ಇಳಿಯಿರಿ. ಅವರು ನೆಲದ ಮೇಲೆ ಕೂತಿದ್ದರೆ ಬಗ್ಗಿ, ಅವರ ಅಂಗೈ ನಿಮ್ಮ ಅಂಗೈ ಒಂದೇ ಎತ್ತರಕ್ಕೆ ಬರಲಿ. ನಾಣ್ಯ ನೋಡಬೇಡಿ, ಮುಖ ನೋಡಿ. ವಯಸ್ಸಿಗೆ ತಕ್ಕಂತೆ ಅವ್ವಾ, ಕಾಕಾ, ಅಕ್ಕಾ, ತಮ್ಮಾ ಎಂದು ಕರೆಯಿರಿ. ‘ಊಟ ಆತೇನ್ರಿ ಕಾಕಾ’ ಎಂಬ ಒಂದು ಮಾತು ಸಾಕು. ಅದಾದ ಮೇಲೆ ಬಾಯಿ ಕಟ್ಟಿ. ‘ದುಡಿಯಾಕ ಏನಾಗೇದ ನಿನಗ’, ‘ಕುಡಿಯಾಕ ಹಾಕಬ್ಯಾಡ ಮತ್ತ’ ಎಂದು ಹತ್ತು ರೂಪಾಯಿಯ ಜೊತೆ ಬುದ್ಧಿವಾದ ಕೊಡುವುದು ನಮ್ಮಲ್ಲಿ ತೀರ ಸಾಮಾನ್ಯವಾದ ತಪ್ಪು. ಆ ಮಾತು ಕೇಳಿದವನು ಹತ್ತು ರೂಪಾಯಿಗೆ ಬೆಲೆ ತೆತ್ತಂತೆಯೇ.

ಕೈಯಲ್ಲಿ ಏನೂ ಇಲ್ಲದಾಗ? ಬರಿಗೈಯಲ್ಲಿ ಕಳಿಸುವಾಗಲೂ ಗದರಬಾರದು, ದನಿ ಏರಿಸಬಾರದು. ಬೇಡುವವನ ಹೃದಯ ಮೊದಲೇ ಮುರಿದಿರುತ್ತದೆ ಎಂಬುದು ಕಾರಣ. ‘ಮುಂದ ಹೋಗ್’ ಎನ್ನುವ ಬದಲು ‘ಅವ್ವಾ, ಈಗ ಕೈಯಾಗ ಏನೂ ಇಲ್ಲ, ಸಿಟ್ಟಾಗಬ್ಯಾಡ್ರಿ’ ಎನ್ನಲು ಒಂದು ಉಸಿರು ಹೆಚ್ಚು ಬೇಕು, ಅಷ್ಟೇ.

ಕಿಟ್ ಹಂಚುವಾಗ ಫೋಟೋ ತೆಗೆಯುವವರಿಗೂ ಇದೇ ನಿಯಮ. ಅಕ್ಕಿ ಚೀಲವನ್ನು ಒಂದು ಕಡೆ ನಾಲ್ಕು ಜನ, ಇನ್ನೊಂದು ಕಡೆ ಒಬ್ಬ ಮುದುಕಿ ಹಿಡಿದ ಫೋಟೋ ಸ್ಟೇಟಸ್ಸಿಗೆ ಏರಿದ ಗಳಿಗೆಯಲ್ಲಿ ಆಕೆಯ ಓಣಿಯೆಲ್ಲ ಅದನ್ನು ನೋಡುತ್ತದೆ. ಲೆಕ್ಕಕ್ಕೆ ದಾಖಲೆ ಬೇಕಿದ್ದರೆ ಚೀಲಗಳ ಫೋಟೋ ತೆಗೆಯಿರಿ.

ಎಂಟು ಮೆಟ್ಟಿಲು

ರಂಬಮ್ ಮೇಲಿನಿಂದ ಕೆಳಗೆ ಎಣಿಸುತ್ತಾರೆ. ಹತ್ತಬೇಕಾದವರಿಗೆ ಕೆಳಗಿನಿಂದ ಹೇಳುವುದೇ ಅನುಕೂಲ. ಎಲ್ಲಕ್ಕೂ ಕೆಳಗಿನದು ಬೇಸರದಿಂದ ಕೊಡುವುದು. ಬೇಸರ ಒಳಗೇ ಉಳಿದರೆ ಅದೂ ಒಂದು ಮೆಟ್ಟಿಲು, ಮುಖಕ್ಕೆ ಬಂದರೆ ಮೆಟ್ಟಿಲೇ ತಪ್ಪಿತು ಎಂದು ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಅದರ ಮೇಲೆ, ಕೊಡಬೇಕಾದಷ್ಟು ಕೊಡದಿದ್ದರೂ ನಗುಮೊಗದಿಂದ ಕೊಡುವುದು. ಆಮೇಲೆ ಕೇಳಿದ ಮೇಲೆ ಕೊಡುವುದು, ಕೇಳುವ ಮೊದಲೇ ಕೈಗೆ ಕೊಡುವುದು. ಈ ನಾಲ್ಕರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ.

ಮುಂದಿನ ಮೂರರಲ್ಲಿ ಕಣ್ಣು ಮರೆಯಾಗುತ್ತದೆ. ಹಿಂದಿನ ಕೆಲವು ಗುರುಗಳು ಹೊದಿಕೆಯ ಚುಂಗಿಗೆ ನಾಣ್ಯ ಕಟ್ಟಿ ಬೆನ್ನ ಹಿಂದೆ ಬಿಟ್ಟುಕೊಂಡು ನಡೆಯುತ್ತಿದ್ದರು. ಬೇಕಾದವರು ಹಿಂದಿನಿಂದ ಬಿಚ್ಚಿಕೊಳ್ಳಲಿ, ನಾಚಿಕೆಯಾಗದಿರಲಿ ಎಂದು. ಪಡೆದವನಿಗೆ ಕೊಟ್ಟವನು ಗೊತ್ತು, ಕೊಟ್ಟವನಿಗೆ ಪಡೆದವನು ಗೊತ್ತಿಲ್ಲ. ಅದರ ಮೇಲಿನದು ಅದಕ್ಕೆ ತಿರುಗುಮುರುಗು: ಬಾಗಿಲಲ್ಲಿ ಗುಟ್ಟಾಗಿ ಇಟ್ಟು ಹೋಗುವುದು. ಇಬ್ಬರಿಗೂ ಗೊತ್ತಿಲ್ಲದ್ದು ಅದಕ್ಕೂ ಮೇಲು. ಯೆರೂಸಲೇಮಿನ ದೇವಾಲಯದಲ್ಲಿ ‘ಗುಟ್ಟಿನ ಕೋಣೆ’ ಎಂದೇ ಒಂದಿತ್ತು. ಕೊಡುವವರು ಅದರೊಳಗೆ ಗುಟ್ಟಾಗಿ ಹಾಕಿ ಬರುತ್ತಿದ್ದರು, ಒಳ್ಳೆಯ ಮನೆತನದ ಬಡವರು ಗುಟ್ಟಾಗಿ ಅದರಿಂದ ಪಡೆಯುತ್ತಿದ್ದರು.

ಬಾಗಿಲಲ್ಲಿ ಇಟ್ಟು ಹೋಗುವ ಮೆಟ್ಟಿಲಿಗೆ ನಮ್ಮ ಊರುಗಳಲ್ಲಿ ಒಳ್ಳೆಯ ಸಾಧನವಿದೆ: ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಕಷ್ಟದಲ್ಲಿರುವ ಮನೆಯವರ ಬಾಕಿಯ ಒಂದು ಭಾಗವನ್ನು ಅಂಗಡಿಯಲ್ಲಿ ತುಂಬಿಬಿಡಿ. ಒಂದು ಭಾಗ ಎಂದದ್ದಕ್ಕೆ ಕಾರಣವಿದೆ. 4,000 ಬಾಕಿ ಒಂದೇ ಸಲ ಸೊನ್ನೆಯಾದರೆ ಮನೆಯವರು ಯಾರು ತುಂಬಿದರು ಎಂದು ಹುಡುಕಲು ಹೊರಡುತ್ತಾರೆ, ಹುಡುಕಿದರೆ ಋಣ ಹೆಗಲೇರುತ್ತದೆ. ತಿಂಗಳಿಗೆ 800, 1,000 ಇಳಿದರೆ ಮನೆ ಹಗುರಾಗುತ್ತದೆ, ಗದ್ದಲವಾಗುವುದಿಲ್ಲ. ಫೋನ್‌ಪೇ ಮಾಡಬೇಡಿ, ಹೆಸರು ಉಳಿಯುತ್ತದೆ, ನಗದು ಕೊಡಿ. ಅಂಗಡಿಯವರು ಬಾಯಿ ಗಟ್ಟಿ ಇದ್ದವರೋ ಎಂದು ಮೊದಲು ನೋಡಿಕೊಳ್ಳಿ, ಯಾಕೆಂದರೆ ಈ ಪದ್ಧತಿ ಕೆಡುವುದು ಅಲ್ಲಿಂದಲೇ. ಕೇಳಿದರೆ ‘ಜಮಾ ಆಗೇದ ನೋಡ್ರಿ’ ಎಂದಷ್ಟೇ ಹೇಳಲಿ.

ಕೈಗಡ: ಎಲ್ಲಕ್ಕೂ ಮೇಲಿನ ಮೆಟ್ಟಿಲು

ಬೀಳುತ್ತಿರುವವನ ಕೈ ಹಿಡಿದು, ಅವನು ಮುಂದೆಂದೂ ಬೇಡದಂತೆ ನಿಲ್ಲಿಸುವುದೇ ತುದಿಯ ಮೆಟ್ಟಿಲು. ಅದು ಉಡುಗೊರೆಯಾಗಬಹುದು, ಸಾಲವಾಗಬಹುದು, ವ್ಯಾಪಾರದಲ್ಲಿ ಪಾಲುದಾರಿಕೆಯಾಗಬಹುದು, ಕೆಲಸ ಕೊಡಿಸುವುದಾಗಬಹುದು. ಇವುಗಳಲ್ಲಿ ಸಾಲದ ಬಗ್ಗೆ ಯೆಹೂದಿ ನಿಯಮ ತುಂಬ ಸೂಕ್ಷ್ಮವಾಗಿದೆ. ಬಡ್ಡಿ ಕೂಡದು. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಪದ ಇದ್ದೇ ಇದೆ, ಕೈಗಡ.

ಇಳಕಲ್ಲಿನ ಮಗ್ಗದವರೊಬ್ಬರಿಗೆ ನೂಲು ತರಲು 15,000 ಬೇಕಾಗಿದೆ ಎನ್ನಿ. ಮೊದಲು ಸಾಕ್ಷಿ ಮಾಡಿ, ಚೀಟಿ ಬರೆಯಿರಿ. ಸಾಕ್ಷಿಯಿಲ್ಲದೆ ಸಾಲ ಕೊಡುವುದನ್ನು ತಾಲ್ಮುಡ್ ಕುರುಡನ ದಾರಿಯಲ್ಲಿ ಎಡವುಗಲ್ಲು ಇಟ್ಟಂತೆ ಎನ್ನುತ್ತದೆ: ಇಸಿದುಕೊಂಡವನಿಗೆ ಇಲ್ಲವೆನ್ನುವ ಆಸೆ ಹುಟ್ಟಿಸಿದ ಪಾಪ ಕೊಟ್ಟವನದು. ನಂಬಿಕೆಗೆ ಚೀಟಿ ಅಡ್ಡಿಯಲ್ಲ. ಒತ್ತೆ ತೆಗೆದುಕೊಳ್ಳುವುದಾದರೆ ಮಗ್ಗವನ್ನಾಗಲಿ ಅದರ ಭಾಗವನ್ನಾಗಲಿ ಮುಟ್ಟಬೇಡಿ. ಬೀಸುಕಲ್ಲನ್ನು, ಅದರ ಮೇಲಿನ ಕಲ್ಲನ್ನೂ ಒತ್ತೆ ಹಿಡಿಯಬಾರದು, ಅದು ಜೀವವನ್ನೇ ಒತ್ತೆ ಹಿಡಿದಂತೆ ಎಂದು ಧರ್ಮೋಪದೇಶಕಾಂಡ ಹೇಳುವುದು ದುಡಿಮೆಯ ಎಲ್ಲ ಸಲಕರಣೆಗೂ ಹೊಂದುತ್ತದೆ. ಒತ್ತೆ ತರಲು ಅವರ ಮನೆಯೊಳಗೆ ನುಗ್ಗುವಂತಿಲ್ಲ, ಹೊರಗೆ ನಿಲ್ಲಬೇಕು, ಅವರೇ ತಂದುಕೊಡಬೇಕು. ಹೊದೆಯುವ ಬಟ್ಟೆಯನ್ನು ಒತ್ತೆ ಹಿಡಿದಿದ್ದರೆ ಹೊತ್ತು ಮುಳುಗುವ ಮುಂಚೆ ಮರಳಿಸಬೇಕು.

ಕೊಟ್ಟ ಮೇಲೆ ಎಚ್ಚರ ಇನ್ನೂ ಹೆಚ್ಚು ಬೇಕು. ಸಾಲ ಪಡೆದವರು ನಿಮಗೆ ಸೀರೆಯ ದರದಲ್ಲಿ ಇನ್ನೂರು ರೂಪಾಯಿ ಬಿಟ್ಟರೆ ಅದು ಬಡ್ಡಿ. ಮೊದಲು ನಮಸ್ಕಾರ ಮಾಡದಿದ್ದವರು ಈಗ ಕಂಡಲ್ಲೆಲ್ಲ ಮುಂದಾಗಿ ನಮಸ್ಕಾರ ಮಾಡಿದರೂ ಬಡ್ಡಿಯೇ ಎಂಬಷ್ಟು ದೂರ ಗುರುಗಳು ಹೋಗುತ್ತಾರೆ. ಇನ್ನು, ತೀರಿಸಲು ಅವರ ಬಳಿ ಇಲ್ಲವೆಂದು ನಿಮಗೆ ಗೊತ್ತಿದ್ದರೆ ಅವರ ಎದುರಿಗೆ ಹಾದುಹೋಗಲೂಬಾರದು; ನಿಮ್ಮನ್ನು ಕಂಡೇ ಅವರ ತಲೆ ತಗ್ಗುತ್ತದೆ. ನಿಮ್ಮ ದಾರಿ ಅವರ ಮನೆ ಮುಂದೆಯೇ ಇದ್ದರೆ ಕೆಲವು ದಿನ ಬೇರೆ ಓಣಿ ಹಿಡಿಯಿರಿ.

ಕೊಟ್ಟರೆ ಬೇಡ ಎನ್ನುವ ಸ್ವಾಭಿಮಾನಿಗಳಿಗೂ ಇದೇ ದಾರಿ. ಸಾಲ ಎಂದು ಹೇಳಿ ಕೊಡಿ, ಮನಸ್ಸಿನಲ್ಲಿ ಉಡುಗೊರೆ ಎಂದು ಬರೆದುಕೊಳ್ಳಿ.

ಹೊಲದಲ್ಲಿ

ದುಡ್ಡಿಗಿಂತ ಮೊದಲು ಕಾಳು ಇತ್ತು. ಹೊಲದ ಮೂಲೆಯನ್ನು ಕೊಯ್ಯದೆ ಬಿಡಬೇಕು, ಬಿದ್ದ ತೆನೆಯನ್ನು ಆರಿಸಬಾರದು, ಮರೆತ ಸಿವುಡಿಗೆ ಹಿಂದಿರುಗಬಾರದು, ದ್ರಾಕ್ಷಿ ತೋಟದಲ್ಲಿ ಉದುರಿದ ಹಣ್ಣು ಮತ್ತು ನೆಟ್ಟಗೆ ಕಟ್ಟದ ಗೊಂಚಲನ್ನು ಮುಟ್ಟಬಾರದು ಎಂದು ತೋರಾದ ಕಟ್ಟಳೆ. ಹಕ್ಕಲಾಯುವವರ ಹಕ್ಕು ಅದು. ತೋರಾದ ನಿಯಮವಾಗಿ ಇದು ಇಸ್ರಾಯೇಲ್ ನಾಡಿನ ಹೊಲಗಳಿಗೆ ಕಟ್ಟಿದ್ದು. ಇಲ್ಲಿ ಮಾಡುವುದಾದರೆ ನಮ್ಮ ಇಚ್ಛೆಯಿಂದ.

ಮೂಲೆ ಬಿಡುವುದಕ್ಕೆ ಮಿಶ್ನಾ (ತಾಲ್ಮುಡ್‌ಗೆ ಬುನಾದಿಯಾದ ನಿಯಮಗಳ ಸಂಗ್ರಹ) ಕೊಡುವ ಅಳತೆ ಅರವತ್ತರಲ್ಲಿ ಒಂದಕ್ಕೆ ಕಡಿಮೆಯಿಲ್ಲದಂತೆ. ಎಕರೆಗೆ ನಲವತ್ತು ಗುಂಟೆಯಾದ್ದರಿಂದ ಮೂರು ಎಕರೆ ಬಿಳಿಜೋಳಕ್ಕೆ ಎರಡು ಗುಂಟೆ. ಹೊಲದ ಕೊನೆಯಲ್ಲಿ, ದಾರಿಗೆ ಕಾಣುವ ಹಾಗೆ ಬಿಡಿ. ಅಲ್ಲೇ ಬಿಡುವುದೆಂದು ಗೊತ್ತಿದ್ದರೆ ಬಡವರು ದಿನವೆಲ್ಲ ಕಾಯುತ್ತ ಕೂರಬೇಕಿಲ್ಲ, ನೀವೂ ನಿಮಗೆ ಬೇಕಾದವರಿಗೆ ಗುಟ್ಟಾಗಿ ಕೊಡಲು ಬರುವುದಿಲ್ಲ. ನೀವೇ ಕೊಯ್ದು ಹಂಚಬೇಡಿ. ನಿಂತ ಬೆಳೆಯನ್ನೇ ಬಿಟ್ಟು, ಅವರೇ ಬಂದು ಕಿತ್ತುಕೊಳ್ಳುವಂತಾಗಬೇಕು; ಹಂಚಿದರೆ ನೀವು ಯಜಮಾನರಾಗುತ್ತೀರಿ. ಬಂದವರು ಕುಡುಗೋಲು ತರದಂತೆ ನೋಡಿಕೊಳ್ಳಬೇಕೆಂದೂ ಮಿಶ್ನಾ ಹೇಳುತ್ತದೆ, ನೂಕುನುಗ್ಗಲಿನಲ್ಲಿ ಒಬ್ಬರಿಗೊಬ್ಬರು ಗಾಯ ಮಾಡಿಕೊಂಡಾರೆಂದು.

ಚಪ್ಪರದ ದ್ರಾಕ್ಷಿಗೆ ಮಾತ್ರ ನಿಯಮ ತಿರುಗುತ್ತದೆ, ವಿಜಯಪುರದವರಿಗೆ ಬೇಕಾದದ್ದು ಇದೇ. ಎತ್ತರಕ್ಕೆ ಹಬ್ಬಿಸಿದ ಬಳ್ಳಿ ಮತ್ತು ಖರ್ಜೂರದ ಮರಕ್ಕೆ ಹತ್ತಿ ಬಿದ್ದಾರು ಎಂದು, ಅವನ್ನು ಯಜಮಾನನೇ ಇಳಿಸಿ ಹಂಚಬೇಕು. ಒಂದೆರಡು ಕಾಳು ಕೈಜಾರಿ ಉದುರಿದರೆ ಬಡವರದು, ಒಟ್ಟಿಗೆ ಮೂರು ಉದುರಿದರೆ ಯಜಮಾನನದು. ಚಪ್ಪರದ ಕೆಳಗೆ ಬುಟ್ಟಿ ಇಟ್ಟು ಉದುರಿದ್ದನ್ನೆಲ್ಲ ಹಿಡಿಯುವುದು ಬಡವರದ್ದನ್ನು ಕದ್ದಂತೆ. ಇಲ್ಲಿ ಇನ್ನೊಂದು ಎಚ್ಚರ ನಾವೇ ಸೇರಿಸಬೇಕು: ಔಷಧಿ ಹೊಡೆದು ಕಾಯುವ ದಿನಗಳು ಮುಗಿಯುವ ಮುಂಚೆ ಯಾರನ್ನೂ ಆಯಲು ಬಿಡಬೇಡಿ.

ಓಣಿಯ ಪೆಟ್ಟಿಗೆ

ನಾಲ್ಕು ಮನೆ ಸೇರಿದರೆ ‘ಕುಪಾ’ ಎಂಬ ವಾರದ ಪೆಟ್ಟಿಗೆ ನಡೆಸಬಹುದು. ಕೂಡಿಸಲು ಇಬ್ಬರು ಹೋಗಬೇಕು, ಬಿಟ್ಟು ಬೇರೆಯಾಗಬಾರದು. ಹಂಚಲು ಮೂವರು, ಯಾಕೆಂದರೆ ಯಾರಿಗೆ ಎಷ್ಟು ಎಂಬುದು ದುಡ್ಡಿನ ತೀರ್ಪು. ಕೂಡಿಸುವಾಗ ದಾರಿಯಲ್ಲಿ ನಾಣ್ಯ ಸಿಕ್ಕರೆ ಜೇಬಿಗೆ ಹಾಕದೆ ಪೆಟ್ಟಿಗೆಯ ಚೀಲಕ್ಕೆ ಹಾಕಿ, ಚಿಲ್ಲರೆಯನ್ನು ನಿಮ್ಮ ನೋಟಿಗೆ ಬದಲಿಸಿಕೊಳ್ಳಬೇಡಿ. ಕಳ್ಳತನದ ಭಯಕ್ಕಿಂತ, ನೋಡಿದವರಿಗೆ ಅನುಮಾನ ಬರಬಾರದೆಂಬುದು ಮುಖ್ಯ. ಹಂಚುವುದು ಶುಕ್ರವಾರ.

ಊಟ ಬೇಕು ಎಂದವರನ್ನು ವಿಚಾರಣೆ ಮಾಡಬೇಡಿ, ಕೊಡಿ. ಬಟ್ಟೆಗೆ ವಿಚಾರಿಸಬಹುದು. ವಾರಕ್ಕೆ ಹದಿನಾಲ್ಕು ಊಟದಷ್ಟು ಮನೆಯಲ್ಲಿದ್ದವರು ಈ ಪೆಟ್ಟಿಗೆಯಿಂದ ತೆಗೆದುಕೊಳ್ಳಬಾರದು ಎಂಬುದು ಮಿಶ್ನಾದ ಗೆರೆ. ಸರದಿಯಲ್ಲಿ ಮೊದಲು ಸಂಬಂಧಿಕರು, ಆಮೇಲೆ ನಿಮ್ಮ ಊರಿನವರು, ಆಮೇಲೆ ಪರ ಊರಿನವರು. ಬೆಳಗಾವಿಯಲ್ಲಿ ನೌಕರಿ ಮಾಡುತ್ತ ಹಳ್ಳಿಯಲ್ಲಿರುವ ವಿಧವೆ ಅತ್ತೆಯನ್ನು ಮರೆತು ದೂರದ ಊರಿಗೆ ಚೆಕ್ಕು ಕಳಿಸುವವರ ಸರದಿ ತಪ್ಪಿದೆ.

ಮನೆಯಲ್ಲೇ ಇರುವವರಿಗೆ, ಬಹುಪಾಲು ಹೆಂಗಸರಿಗೆ, ಇದೆಲ್ಲ ದೂರದ ವ್ಯವಹಾರ ಎನಿಸಬಹುದು. ತಾಲ್ಮುಡ್‌ನಲ್ಲಿ ಮಾರ್ ಉಕ್ವಾ ಎಂಬವರ ಕಥೆಯಿದೆ. ದಿನಾ ಒಬ್ಬ ಬಡವನ ಬಾಗಿಲ ಸಂದಿಗೆ ನಾಲ್ಕು ನಾಣ್ಯ ಹಾಕಿ ಹೋಗುತ್ತಿದ್ದರು. ಒಂದು ದಿನ ಹೆಂಡತಿಯೂ ಜೊತೆಗಿದ್ದಾಗ, ಕೊಡುವವರು ಯಾರೆಂದು ನೋಡಲು ಆತ ಬಾಗಿಲು ತೆರೆದು ಬೆನ್ನಟ್ಟಿದ. ಅವನಿಗೆ ನಾಚಿಕೆಯಾಗದಿರಲೆಂದು ಇಬ್ಬರೂ ಓಡಿ, ಆಗತಾನೇ ಬೆಂಕಿ ಬಳಿದು ಹೊರತೆಗೆದ ದೊಡ್ಡ ಒಲೆಯೊಳಗೆ ಅಡಗಿದರು. ಗಂಡನ ಕಾಲು ಸುಡತೊಡಗಿತು, ಹೆಂಡತಿಯದು ಸುಡಲಿಲ್ಲ. ನಾನು ಮನೆಯಲ್ಲೇ ಸಿಗುತ್ತೇನೆ, ನಾನು ಕೊಡುವುದು ಆಗಲೇ ತಿನ್ನುವಂಥದ್ದು ಎಂದು ಆಕೆ ಕಾರಣ ಹೇಳಿದಳು. ನಾಣ್ಯ ಪಡೆದವನು ಇನ್ನೂ ಅಂಗಡಿಗೆ ಹೋಗಬೇಕು, ಹಿಟ್ಟು ತರಬೇಕು, ಒಲೆ ಹಚ್ಚಬೇಕು. ಆದ್ದರಿಂದ ಬೆಳಗ್ಗೆ ರೊಟ್ಟಿ ಬಡಿಯುವಾಗ ಎರಡು ಹೆಚ್ಚು ಬಡಿದು, ಮೇಲೆ ಪಲ್ಲೆ ಇಟ್ಟು, ಬಾಗಿಲಿಗೆ ಹತ್ತಿರದ ಬುಟ್ಟಿಯಲ್ಲಿ ಮುಚ್ಚಿಡಿ. ನಿನ್ನೆಯ ಉಳಿದ ರೊಟ್ಟಿಯನ್ನಲ್ಲ, ಮನೆಯವರ ತಾಟಿಗೆ ಹೋಗುವ ಬಿಸಿಯದನ್ನು.